ವಂಶಾವಳಿಯಲ್ಲಿ ನಮ್ಮ ಮಾದ್ರ್ ಆಕಯ್ ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ನಾನು ಕಾಸರಗೋಡು ಜಿಲ್ಲೆಯ ಬೇಳದ ಹತ್ತಿರದವಳು, ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವಳು. ನಿಮ್ಮ ಪೇಪರ್ ನಮ್ಮ ಮನೆಗೆ ಪಪ್ಪನ ಕಾಲದಿಂದ ಬರ್ತಾ ಉಂಟು, ಆದ್ರೆ ಪತ್ರ ಬರೆಯುದು ಇದೇ ಮೊದಲು. ಸ್ವಲ್ಪ ಉದ್ದ ಆಗ್ತದೆ, ಆದಷ್ಟು ಕತ್ತರಿಸದೆ ಹಾಕಿದ್ರೆ ದೊಡ್ಡ ಉಪಕಾರ, ಯಾಕಂದ್ರೆ ವಂಶಾವಳಿಯಲ್ಲಿ ಸಿಸ್ಟರ್ ಆದವರ ಹೆಸರು ಬಿಟ್ಟುಹೋಗುದು ನಮ್ಮ ಒಂದು ಮನೆಯ ವಿಷಯ ಮಾತ್ರ ಅಲ್ಲ, ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ ಅಂತ ನಮ್ಮ ಕಡೆ ಯಾವ ಇಗರ್ಜಿಯ, ಅಂದ್ರೆ ಚರ್ಚಿನ, ವಾರ್ಡಿಗೆ ಹೋದ್ರೂ ಇಂಥ ಒಂದು ಮನೆಯಾದ್ರೂ ಸಿಕ್ಕಿಯೇ ಸಿಕ್ತದೆ.

ಕಳೆದ ಡಿಸೆಂಬರಿನಲ್ಲಿ ಗಲ್ಫಿನವರು ಬೊಂಬಾಯಿಯವರು ಎಲ್ಲ ಕ್ರಿಸ್ಮಸಿಗೆ ಊರಿಗೆ ಬಂದಾಗ ನಮ್ಮ ಕುಟುಂಬದ್ದು ಒಂದು ಗೆಟ್‌ಟುಗೆದರ್ ಆಯ್ತು. ಅದಕ್ಕೆ ಅಂತ ನನ್ನ ಕಸಿನ್‌ಗಳು ನಾಲ್ಕು ಜನ ಎಂಟು ತಿಂಗಳು ಓಡಾಡಿ ವಂಶಾವಳಿ ಮಾಡಿದ್ರು. ಅದು ಸುಲಭದ ಕೆಲಸ ಅಲ್ಲ, ನಮ್ಮವರಲ್ಲಿ ಎಷ್ಟೋ ಮನೆಗಳ ಲೆಕ್ಕ ಸುರು ಆಗುದೇ 1784ರಲ್ಲಿ ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣಕ್ಕೆ ಸೆರೆ ಹೋದವರಲ್ಲಿ 1799ರ ನಂತರ ಯಾರು ಜೀವ ಹಿಡ್ಕೊಂಡು ವಾಪಸ್ ಬಂದ್ರು ಅವರಿಂದ, ಅದರ ಹಿಂದಿನದ್ದು ಕಾಗದದಲ್ಲಿ ಸಿಗುದು ಕಷ್ಟ. ಬೇಳದ ಶೋಕಮಾತೆಯ ಇಗರ್ಜಿ ಆದದ್ದೇ 1890ರಲ್ಲಿ, ಅದಕ್ಕೆ ಮೊದಲಿನ ಹುಟ್ಟು ಸಾವು ಮದುವೆ ಹುಡುಕ್ಲಿಕ್ಕೆ ಬೇರೆ ಕಡೆ ಅಲೆಯಬೇಕು. ಹುಡುಗರು ಅಲೆದಿದ್ದಾರೆ. ಅವರ ಶ್ರಮದ ಬಗ್ಗೆ ನನಗೆ ಒಂದು ಮಾತೂ ಇಲ್ಲ. ದೊಡ್ಡ ಮರದ ಚಿತ್ರ ಮಾಡಿ ಕೊಂಬೆ ಕೊಂಬೆಗೆ ಹೆಸರು ಬರೆದು ಫ್ಲೆಕ್ಸ್ ಮಾಡಿ ಹಾಲ್‌ನ ಗೋಡೆಗೆ ಕಟ್ಟಿದ್ರು, ಎಲ್ಲರೂ ಅದರ ಎದುರು ನಿಂತು ತಮ್ಮ ತಮ್ಮ ಹೆಸರು ಹುಡುಕುದು, ಮಕ್ಕಳನ್ನು ಎತ್ತಿ ತೋರಿಸುದು, ಫೋಟೊ ತೆಗೆಯುದು, ನೋಡ್ಲಿಕ್ಕೆ ಸಂತೋಷವೇ ಆಗ್ತಿತ್ತು.

ಮರದ ತುದಿಯಲ್ಲಿ ನಮ್ಮ ಕುಟುಂಬದ ಇಬ್ಬರು ಫಾದರ್‌ಗಳ ಫೋಟೊ, ಅವರ ಗುರುದೀಕ್ಷೆಯ ವರ್ಷ ಸಮೇತ. ನಮ್ಮಲ್ಲಿ ಸಿಸ್ಟರ್ ಆದವರು ಸಹ ಇದ್ದಾರೆ, ಮೂರು ಜನ, ಅಜ್ಜನ ತಂಗಿ ಒಬ್ಬರು, ಅವರು ತೀರಿಹೋಗಿ ಎಷ್ಟೋ ವರ್ಷ ಆಯ್ತು, ಮತ್ತೆ ಪಪ್ಪನ ಅಕ್ಕ, ಮತ್ತೆ ನನ್ನ ಚಿಕ್ಕಪ್ಪನ ಮಗಳು, ಅವಳು ಈಗ ಉತ್ತರ ಭಾರತದಲ್ಲಿ. ಈ ಮೂರು ಹೆಸರು ಮರದಲ್ಲಿ ಎಲ್ಲಿಯೂ ಇಲ್ಲ. ಬುಡದಲ್ಲಿ, ಬೇರಿನ ಚಿತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿ "ಧರ್ಮಭಗಿನಿಯರು: 3" ಅಂತ ಇತ್ತು. ನಾನು ಕೇಳಿದೆ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅಂತ ನನಗೆ ಗೊತ್ತುಂಟು, ಮರ ಮಾಡಿದ ಕಸಿನ್ ಒಬ್ಬ ಹೇಳಿದ್ದು ಇಷ್ಟೇ, ಅವರಿಗೆ ಮುಂದಕ್ಕೆ ಕೊಂಬೆ ಇಲ್ಲ ಅಲ್ವಾ, ಜಾಗ ಸಾಕಾಗ್ಲಿಲ್ಲ. ಫಾದರ್‌ಗಳಿಗೂ ಮುಂದಕ್ಕೆ ಕೊಂಬೆ ಇಲ್ಲ. ಅದನ್ನು ಅವತ್ತು ಅಲ್ಲಿ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ, ಇವತ್ತು ಬರೀತಾ ಇದ್ದೇನೆ.

ಕೊಂಕಣಿಯಲ್ಲಿ ನಾವು ಸಿಸ್ಟರಿಗೆ ಮಾದ್ರ್ ಅಂತ ಹೇಳುದು, ಅಪ್ಪನ ಅಕ್ಕತಂಗಿಗೆ ಆಕಯ್. ಹಾಗಾಗಿ ಪಪ್ಪನ ಅಕ್ಕ ನಮಗೆಲ್ಲ ಮಾದ್ರ್ ಆಕಯ್. ಹುಟ್ಟಿದ್ದು 1938ರಲ್ಲಿ. ಘಟ್ಟದ ಮೇಲೆ ಸುಮಾರು ವರ್ಷ ಹಳ್ಳಿ ಶಾಲೆಗಳಲ್ಲಿ ಕನ್ನಡ ಕಲಿಸಿ, ಹಾಸ್ಟೆಲ್ ನೋಡ್ಕೊಂಡು, ಈಗ ಮಂಗಳೂರಿನಲ್ಲಿ ವಯಸ್ಸಾದ ಸಿಸ್ಟರ್‌ಗಳು ಇರುವ ಮನೆಯಲ್ಲಿದ್ದಾರೆ. ಕಾಲು ಬರುದಿಲ್ಲ, ವಾಕರ್ ಬೇಕು, ಕಣ್ಣು ಒಂದರಲ್ಲಿ ಸ್ವಲ್ಪ ಕಾಣ್ತದೆ. ತಲೆ ಮಾತ್ರ ಚೆನ್ನಾಗಿ ಉಂಟು. ಜನವರಿಯಲ್ಲಿ ನಾನು ಆ ಫ್ಲೆಕ್ಸಿನ ಸಣ್ಣ ಪ್ರಿಂಟ್ ಒಂದು ತಗೊಂಡು ಅವರನ್ನು ನೋಡ್ಲಿಕ್ಕೆ ಹೋದೆ, ಅವರ ಹೆಸರಿಲ್ಲ ಅಂತ ಗೊತ್ತಿದ್ದೂ ಯಾಕೆ ತಗೊಂಡು ಹೋದೆ ಅಂತ ದಾರಿಯುದ್ದಕ್ಕೂ ಯೋಚನೆ, ತಲಪಾಡಿ ದಾಟುವಾಗ ಬ್ಯಾಗಿನಲ್ಲೇ ಇಟ್ಕೊಳ್ಳುವ ಅಂತ ಸಹ ಅನ್ನಿಸಿತ್ತು, ಆದ್ರೆ ಅವರೇ ಕೇಳಿದ್ರು, ಮರ ಮಾಡಿದ್ದಾರಂತೆ, ತಂದಿದ್ದೀಯಾ ಅಂತ.

ಭೂತಗನ್ನಡಿ ಹಿಡ್ಕೊಂಡು ಬೆರಳಿಟ್ಟು ನೋಡ್ತಾ ಹೋದ್ರು. ಅಜ್ಜಿಯ ಹೆಸರಿನ ಹತ್ತಿರ ಬೆರಳು ನಿಂತಿತು. ಅದರ ಕೆಳಗೆ ಮೂರು ಗಂಡುಮಕ್ಕಳ ಕೊಂಬೆ, ಮದುವೆ ಆಗಿ ಹೋದ ಮೂರು ಹೆಣ್ಣುಮಕ್ಕಳ ಹೆಸರು. ಎರಡು ಸರ್ತಿ ಎಣಿಸಿದ್ರು. ಮತ್ತೆ ನನ್ನ ಮುಖ ನೋಡಿ, "ಪುತಾ, ಇದರಲ್ಲಿ ಅಮ್ಮನಿಗೆ ಮಕ್ಕಳು ಕಡಿಮೆ ಆಯ್ತಲ್ಲ" ಅಂತ ಹೇಳಿದ್ರು.

ಅಷ್ಟೇ. ನನ್ನ ಹೆಸರಿಲ್ಲ ಅಂತ ಒಂದು ಮಾತು ಇಲ್ಲ. ಅಜ್ಜಿ ಹೆತ್ತದ್ದು ಒಂಬತ್ತು. ಇಬ್ಬರು ಶಿಶುವಾಗಿರುವಾಗಲೇ ಹೋದ್ರು, ಅದು ನನಗೇ ಗೊತ್ತಿರ್ಲಿಲ್ಲ, ಪಪ್ಪ ಯಾವತ್ತೂ ಹೇಳಿದ್ದಿಲ್ಲ. ಆಮೇಲೆ ಒಂದೂವರೆ ಗಂಟೆ ಕೂತು ಆ ಚಾರ್ಟಿನಲ್ಲಿ ಹನ್ನೊಂದು ತಪ್ಪು ತೋರಿಸಿದ್ರು, ಇವರು ಅಕ್ಕ ಅಲ್ಲ ತಂಗಿ, ಇವರ ಮೊದಲ ಹೆಂಡತಿ ಬೇರೆ, ಇವರು ತೀರಿಹೋದದ್ದು ಸೆಪ್ಟೆಂಬರಿನ ಮೊಂತಿ ಫೆಸ್ತ್ ಹಬ್ಬದ ಮುಂಚಿನ ದಿನ, ಇವರಿಗೆ ಶಿರಿಯ ಹೊಳೆಯ ಆಚೆಯಿಂದ ಹೆಣ್ಣು ತಂದದ್ದು. ಎಂಟು ತಿಂಗಳು ಹುಡುಗರು ರಿಜಿಸ್ಟರ್ ಹುಡುಕಿದ್ರು, ಆ ಒಂದೂವರೆ ಗಂಟೆ ಇವರ ಹತ್ತಿರ ಯಾರೂ ಬಂದು ಕೂತಿರ್ಲಿಲ್ಲ.

ಇಷ್ಟೆಲ್ಲ ಹೇಗೆ ನೆನಪು ಅಂತ ಕೇಳಿದೆ. ದಿನಾ ಹೇಳ್ತೇನಲ್ಲ ಅಂತ ಹೇಳಿದ್ರು. ಎಂತ ವಿಷಯ ಅಂದ್ರೆ, ನೋವಿಸ್ ಆಗಿ ಕಾನ್ವೆಂಟಿನಲ್ಲಿ ತರಬೇತಿಯಲ್ಲಿದ್ದಾಗಿನಿಂದ ಪ್ರತಿ ರಾತ್ರಿ ಸಮುದಾಯದ ಪ್ರಾರ್ಥನೆ ಎಲ್ಲ ಮುಗಿದು ಲೈಟ್ ಆಫ್ ಆದ ಮೇಲೆ ಅವರು ಮನೆಯವರ ಹೆಸರು ಒಂದೊಂದಾಗಿ ಹೇಳಿ ದೇವರ ಕೈಗೆ ಕೊಡುದು, ಅಜ್ಜನ ಅಪ್ಪನಿಂದ ಹಿಡಿದು ನನ್ನ ಮೊಮ್ಮಗುವಿನ ತನಕ, ಹೊಸ ಮಗು ಹುಟ್ಟಿದ್ರೆ ಸೇರಿಸುದು, ತೀರಿಹೋದ್ರೆ ಬಿಡುದಿಲ್ಲ, ಸಾಲು ಬದಲಾಗ್ತದೆ ಅಷ್ಟೆ. ಮನೆಯವರ ಜೊತೆಗೆ ಅಜ್ಜಿಗೆ ಹೆರಿಗೆ ಮಾಡಿಸ್ತಿದ್ದ ಪಕ್ಕದ ಮನೆಯ ತುಳು ಅಜ್ಜಿ, ಬರಗಾಲದ ವರ್ಷ ಅಕ್ಕಿ ಕೊಟ್ಟ ಬ್ಯಾರಿ ಮನೆಯವರು, ಗದ್ದೆಗೆ ಬರ್ತಿದ್ದ ಇಬ್ಬರು, ಎಲ್ಲರೂ ಆ ಲಿಸ್ಟಿನಲ್ಲಿ ಇದ್ದಾರೆ. ಪ್ರಾರ್ಥನೆ ಪುಸ್ತಕದ ಒಳಗೆ ತೀರಿಹೋದವರ ಕಾರ್ಡುಗಳು ಎಷ್ಟು ಅಂದ್ರೆ ಪುಸ್ತಕ ಮುಚ್ಚುದೇ ಇಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ.

ಕಾನ್ವೆಂಟಿಗೆ ಹೋದವರಿಗೆ ಮನೆ ಮರೆತುಹೋಗ್ತದೆ ಅಂತ ನಮ್ಮಲ್ಲಿ ಸುಮಾರು ಜನ ನಂಬಿದ್ದಾರೆ. ನನಗೂ ಹಾಗೇ ಇತ್ತು ಅಂತ ಒಪ್ಪಿಕೊಳ್ತೇನೆ. ಹಾಗಾಗಿ ಅವತ್ತಿನಿಂದ ಪ್ರತಿ ತಿಂಗಳು ಹೋಗಿ ಕೇಳಿ ಬರ್ಕೊಂಡದ್ದನ್ನು ಸ್ವಲ್ಪ ಇಲ್ಲಿ ಹೇಳ್ತೇನೆ.

ಅವರು ಮನೆ ಬಿಟ್ಟದ್ದು 1957ರ ಜೂನಿನಲ್ಲಿ, ಹತ್ತೊಂಬತ್ತು ವರ್ಷ. ಕಾಸರಗೋಡು ಕೇರಳಕ್ಕೆ ಸೇರಿ ಏಳು ತಿಂಗಳು ಆಗಿತ್ತಷ್ಟೆ, ಮಂಗಳೂರು ಮೈಸೂರು ರಾಜ್ಯಕ್ಕೆ, ಒಂದೇ ಜಿಲ್ಲೆ ಆಗಿದ್ದದ್ದು ಎರಡು ರಾಜ್ಯ. ಸರಕಾರಕ್ಕೆ ನಾವು ಆಚೆ ಆದ್ರೂ ಇಗರ್ಜಿಯ ಲೆಕ್ಕದಲ್ಲಿ ನಾವು ಆಗಲೂ ಈಗಲೂ ಮಂಗಳೂರು ಧರ್ಮಪ್ರಾಂತ್ಯವೇ, ಹಾಗಾಗಿ ಕಾನ್ವೆಂಟ್ ಅಂದ್ರೆ ಮಂಗಳೂರು. ಹೊರಡುವ ಹಿಂದಿನ ರಾತ್ರಿ ತೇರ್ಸ್ (ಜಪಮಾಲೆ) ಮುಗಿಸಿ ಎಲ್ಲರೂ ದೊಡ್ಡವರ ಹತ್ತಿರ ಬೆಸಾಂವ್ (ಆಶೀರ್ವಾದ) ತಗೊಂಡು ಮಲಗಿದ ಮೇಲೆ ಅಜ್ಜಿ ಅಡಿಗೆಕೋಣೆಗೆ ಕರೆದ್ರಂತೆ. ತೆಂಗಿನಕಾಯಿ ಹಾಲು ತೆಗೆದಿಟ್ಟಿದ್ರು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುದು, ಅದಕ್ಕೆ ರೋಸ್ ಅಂತ ಹೇಳುದು, ಊರೆಲ್ಲ ಸೇರಿ ಹಾಡಿ ಗಮ್ಮತ್ತು ಮಾಡುವ ಶಾಸ್ತ್ರ. ಇಲ್ಲಿ ಹಾಡು ಇಲ್ಲ, ಜನ ಇಲ್ಲ, ಒಲೆಯ ಬೆಳಕಿನಲ್ಲಿ ಮಗಳನ್ನು ಮಣೆ ಮೇಲೆ ಕೂರಿಸಿ ತಲೆಗೆ ಕೈಗೆ ಹಾಲು ಹಚ್ಚಿ, ಬಿಸಿನೀರು ಹಾಕಿ ಮೀಯಿಸಿ, ಒಂದು ಮಾತೂ ಆಡದೆ ತಲೆ ಬಾಚಿ ಜಡೆ ಹಾಕಿದ್ರು. ರೋಸ್ ಅಂತ ಬಾಯಲ್ಲಿ ಹೇಳ್ಲಿಲ್ಲ. ಬೆಳಿಗ್ಗೆ ಮಳೆಯಲ್ಲಿ ಅಜ್ಜನ ಜೊತೆ ಕುಂಬಳೆ ಸ್ಟೇಷನಿಗೆ ನಡೆದು ರೈಲು ಹತ್ತಿದ್ದು. ರೈಲಿನಲ್ಲಿ ಕೂದಲಿಗೆ ತೆಂಗಿನ ಹಾಲಿನ ವಾಸನೆ ಇನ್ನೂ ಇತ್ತು ಅಂತ ಆಕಯ್ ನನಗೆ ಹೇಳುವಾಗ ಈ ಎಂಬತ್ತೆಂಟನೇ ವರ್ಷದಲ್ಲಿ ತಲೆವಸ್ತ್ರದ ಮೇಲೆ ಕೈ ಇಟ್ಟು ಹೇಳಿದ್ರು.

ಕಥೋಲಿಕ್ ಅಲ್ಲದ ಓದುಗರಿಗೆ ಒಂದು ವಿಷಯ. ಸಿಸ್ಟರ್ ಆಗುದು ಅಂದ್ರೆ ಒಂದು ದಿನದ ತೀರ್ಮಾನ ಅಲ್ಲ, ಮೊದಲು ಅಭ್ಯರ್ಥಿ, ಆಮೇಲೆ ಕಡಿಮೆ ಅಂದ್ರೂ ಒಂದು ವರ್ಷ ನೋವಿಸ್, ಆಮೇಲೆ ಬಡತನ ಬ್ರಹ್ಮಚರ್ಯ ವಿಧೇಯತೆ ಅಂತ ಮೂರು ವ್ರತ, ಅದೂ ಮೊದಲಿಗೆ ಕೆಲವು ವರ್ಷಕ್ಕೆ ಮಾತ್ರ, ಕೊನೆಗೆ ಜೀವನಪೂರ್ತಿಯದ್ದು. ಆಗಿನ ಕಾಲದಲ್ಲಿ ಉಡುಪು ಹಾಕುವ ದಿನ ಹೊಸ ಹೆಸರು ಕೊಡುದು, ಯಾವುದಾದ್ರೂ ಸಂತರದ್ದು. ಆಕಯಿಗೂ ಕೊಟ್ರು. ಮನೆಯಲ್ಲಿ ಇಟ್ಟ ಹೆಸರು ಹೋಯ್ತು. ಅಜ್ಜಿಗೆ ಆ ಹೊಸ ಹೆಸರು ಕಡೆತನಕ ಬಾಯಿಗೆ ಬರ್ಲಿಲ್ಲ. ಪತ್ರ ಬರೆದ್ರೆ ಮುಚ್ಚದೆ ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಹತ್ತಿರ ಕೊಡುದು, ಬಂದ ಪತ್ರ ಅವರು ಒಡೆದು ನೋಡಿ ಕೊಡುದು, ಊರಿನ ಕಡೆ ಬಂದ್ರೂ ಮನೆಯಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಅದು ಆಗ ಎಷ್ಟೋ ಕಾನ್ವೆಂಟುಗಳಲ್ಲಿ ಇದ್ದ ಕ್ರಮ. ಹಾಗಾಗಿ ಪತ್ರದಲ್ಲಿ ಮನಸ್ಸಿನದ್ದು ಬರೆಯುದು ಅಂತ ಇಲ್ಲ. ನಾನು ಕ್ಷೇಮ, ನೀವು ಕ್ಷೇಮ, ಪ್ರಾರ್ಥನೆ ಮಾಡಿ.

ಆದ್ರೆ ಅಜ್ಜ ಒಂದು ದಾರಿ ಮಾಡ್ಕೊಂಡಿದ್ರು. ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟಿದ ದಿನ, ನಮಗೆ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕುದು, ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ತಂದು, ಭತ್ತದ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಹಿರಿಯರಿಂದ ಸುರು ಮಾಡಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟು ಮತ್ತೆ ಎಲೆಯಲ್ಲಿ ಊಟ, ಆ ದಿನ ಮೀನು ಮಾಂಸ ಇಲ್ಲ, ತರಕಾರಿ ಮಾತ್ರ. ಮನೆಯ ಎಲ್ಲರೂ ಆ ಹೊಸಕ್ಕಿ ತಿನ್ನಬೇಕು, ದೂರ ಇದ್ದವರಿಗೆ ತೆಗೆದಿಡುದು. ಆಕಯ್ ಘಟ್ಟದ ಮೇಲೆ ಕಾಫಿ ತೋಟದ ಊರಿನಲ್ಲಿದ್ದ ವರ್ಷ ಅಜ್ಜ ಕವರಿನಲ್ಲಿ ಒಂದು ಚಿಕ್ಕ ಕಾಗದದ ಚೀಟಿ ಮಡಚಿ ಅದರೊಳಗೆ ಹೊಸ ಭತ್ತದ ಕಾಳು ಇಟ್ಟು ಕಳಿಸಿದ್ರು. ಸುಪೀರಿಯರ್ ತೆರೆದು ನೋಡಿ, ಆಗ್ಬಹುದು, ಅಡಿಗೆಗೆ ಕೊಡಿ ಅಂದ್ರಂತೆ, ಆ ಕಾಳು ಸುಲಿದು ಅವತ್ತು ಕಾನ್ವೆಂಟಿನ ಇಡೀ ಸಮುದಾಯಕ್ಕೆ ಮಾಡಿದ ಪಾಯಸಕ್ಕೆ ಹಾಕಿದ್ರು. ನಾಲ್ಕು ರಾಜ್ಯದ ಸಿಸ್ಟರ್‌ಗಳು ನಮ್ಮ ಗದ್ದೆಯ ಹೊಸಕ್ಕಿ ತಿಂದರು ಅಂತ ಹೇಳುವಾಗ ಆಕಯ್ ಮುಖ ನೋಡ್ಬೇಕಿತ್ತು. ಆಮೇಲೆ ಅಜ್ಜ ಇರುವ ತನಕ ಪ್ರತಿ ವರ್ಷ ಕವರು ಹೋಗ್ತಿತ್ತು.

ಅಜ್ಜ ತೀರಿಹೋದದ್ದು 1963ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್). ಟೆಲಿಗ್ರಾಂ ತಲುಪಿತು. ಹೋಗ್ಲಿಕ್ಕೆ ಒಪ್ಪಿಗೆ ಸಿಗ್ಲಿಲ್ಲ. ಯಾರನ್ನೂ ಈಗ ದೂರುವ ಅಂತ ಅಲ್ಲ, ಆಗ ಕ್ರಮ ಹಾಗೆ ಇತ್ತು, ಆಕಯ್ ಸಹ ದೂರುದಿಲ್ಲ, ಆದ್ರೆ ನೋವು ನೋವೇ. ಮರುದಿನ ಬೆಳಿಗ್ಗೆ ಎದ್ದು ಕ್ಲಾಸಿಗೆ ಹೋಗಿ ಮೂರನೇ ಕ್ಲಾಸಿನ ಮಕ್ಕಳಿಗೆ ಗುಣಿತಾಕ್ಷರ ಕಲಿಸಿದ್ರು. ಚಿಕ್ಕಪ್ಪ ಎಷ್ಟೋ ಸಮಯದ ನಂತರ ನೋಡ್ಲಿಕ್ಕೆ ಹೋದಾಗ ಅವರು ಕೇಳಿದ್ದು ಸ್ವರ್ಗದ ವಿಷಯ ಅಲ್ಲ, ಪೆಟ್ಟಿಗೆ ಯಾವ ಮರದ್ದು, ಹೊತ್ತದ್ದು ಯಾರು, ಮಳೆ ಇತ್ತಾ, ಗದ್ದೆಯ ಬದುವಿನಲ್ಲಿ ಜಾರ್ಲಿಲ್ಲ ಅಲ್ವಾ, ಅಮ್ಮ ಊಟ ಮಾಡಿದ್ರಾ.

ಇದರ ನಂತರದ್ದು ಅವರು ನನಗೆ ಮೂರನೇ ಭೇಟಿಯಲ್ಲಿ ಹೇಳಿದ್ದು, ಬರೀಲಿಕ್ಕೆ ಒಪ್ಪಿಗೆ ತಗೊಂಡಿದ್ದೇನೆ. ಸುಮಾರು ಒಂದು ವರ್ಷ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ಲಿಲ್ಲ ಅಂತ ಹೇಳಿದ್ರು. ಚಾಪೆಲಿಗೆ ಹೋಗುದು, ಎಲ್ಲರ ಜೊತೆ ಲ್ಯಾಟಿನ್ ಹೇಳುದು, ಮೊಣಕಾಲೂರುದು, ಎಲ್ಲ ಮಾಡಿದೆ, ಒಳಗೆ ಮಾತ್ರ ಒಣ ಬಾವಿ ಹಾಗೆ. ದೇವರ ಹತ್ತಿರ ಹೇಳ್ಲಿಕ್ಕೆ ಮಾತು ಬರ್ತಿರ್ಲಿಲ್ಲ, ಹೆಸರು ಮಾತ್ರ ಬರ್ತಿತ್ತು. ರಾತ್ರಿ ಮಲಗಿ ಅಪ್ಪ, ಅಮ್ಮ, ಅಣ್ಣ, ತಮ್ಮ ಅಂತ ಸಾಲಾಗಿ ಹೆಸರು ಹೇಳುದು, ಅದು ಮುಗಿಯುವಾಗ ನಿದ್ದೆ ಬರುದು. ಹಾಗೆ ಹೇಳ್ತಾ ಹೇಳ್ತಾ ಒಂದು ದಿನ, ಇಷ್ಟು ಹೊತ್ತು ನಾನು ಯಾರ ಹತ್ತಿರ ಹೇಳ್ತಾ ಇದ್ದೇನೆ ಅಂತ ಗೊತ್ತಾಯ್ತು ಪುತಾ, ಅಂದ್ರು. ನಾನು ಮೂವತ್ತು ವರ್ಷ ಕಾಟೆಕಿಸಂ, ಅಂದ್ರೆ ಧರ್ಮಪಾಠ, ಕಲಿಸಿದವಳು, ವಿಶ್ವಾಸ ಅಂದ್ರೆ ಎಂತ ಅಂತ ಮಕ್ಕಳಿಗೆ ಪುಸ್ತಕದ ಉತ್ತರ ಬಾಯಿಪಾಠ ಮಾಡಿಸಿದವಳು, ನನಗೆ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡ್ಲಿಕ್ಕೆ ಆಗ್ಲಿಲ್ಲ.

ಕಥೋಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 65ರ ತನಕ ನಡೀತು. 1965ರ ಅಕ್ಟೋಬರಿನಲ್ಲಿ ಸನ್ಯಾಸ ಜೀವನದ ನವೀಕರಣದ ಬಗ್ಗೆ ಆದೇಶ ಬಂತು, ಪ್ರತಿ ಸಂಸ್ಥೆ ತನ್ನ ಸ್ಥಾಪಕರ ಮೂಲ ಉದ್ದೇಶಕ್ಕೆ ವಾಪಸ್ ಹೋಗಿ, ಈಗಿನ ಕಾಲಕ್ಕೆ ಬೇಕಾದ ಹಾಗೆ ನಿಯಮಗಳನ್ನು ತಿದ್ದಬೇಕು ಅಂತ. ಓದುವಾಗ ಇದು ದೊಡ್ಡ ಮಾತಿನ ಹಾಗೆ ಕಾಣ್ತದೆ, ನಮ್ಮ ಮನೆಗೆ ಅದು ಮುಟ್ಟಿದ್ದು ಹೇಗೆ ಅಂದ್ರೆ, ಒಂದು ದಿನ ಬಂದ ಪತ್ರದ ಕೊನೆಯಲ್ಲಿ ಆಕಯ್ ತಮ್ಮ ಮನೆಯ ಹೆಸರು, ಜ್ಞಾನಸ್ನಾನದ ಹೆಸರು ಬರೆದಿದ್ರು. ಹಳೆ ಹೆಸರಿಗೆ ವಾಪಸ್ ಬರ್ಬಹುದು ಅಂತ ಆಗಿತ್ತು. ಅಜ್ಜಿಗೆ ಓದ್ಲಿಕ್ಕೆ ಬರುದಿಲ್ಲ, ಪಪ್ಪನ ಕೈಯಲ್ಲಿ ಆ ಕೊನೆಯ ಸಾಲು ಮಾತ್ರ ಮೂರು ಸರ್ತಿ ಓದಿಸಿದ್ರಂತೆ. 1967ರಲ್ಲಿ ಹತ್ತು ವರ್ಷದ ನಂತರ ಮನೆಗೆ ಬಂದು ಮೂರು ರಾತ್ರಿ ಉಳಿದ್ರು. ಅಜ್ಜಿ ಅರಸಿನ ಎಲೆಯಲ್ಲಿ ಪತೊಳಿ ಮಾಡಿಟ್ಟಿದ್ರು. 1984ರಲ್ಲಿ, ಕಾಸರಗೋಡು ಜಿಲ್ಲೆ ಆದ ವರ್ಷ, ಅಜ್ಜಿ ಹೋಗುವಾಗ ಆಕಯ್ ಹತ್ತಿರವೇ ಇದ್ರು, ತ್ರಾಣ ಇಲ್ಲದ ಬಾಯಿಯಲ್ಲಿ ಅಜ್ಜಿ ಕರೆದದ್ದು ಅದೇ ಹಳೆ ಹೆಸರು. ನಾನು ಆಗ ಹೈಸ್ಕೂಲ್, ಬಾಗಿಲ ಹತ್ತಿರ ನಿಂತು ನೋಡಿದ್ದೇನೆ.

ಕೆಲವರು ಹೇಳುದುಂಟು, ದೇವರಿಗೆ ಅಂತ ಹೋದವರಿಗೆ ಮನೆಯ ನೆನಪು ಎಂತಕ್ಕೆ, ಅದು ಅಡ್ಡಿ ಅಲ್ವಾ ಅಂತ. ನೇಗಿಲಿಗೆ ಕೈ ಹಾಕಿ ಹಿಂದೆ ತಿರುಗಿ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಅಂತ ಲೂಕನ ಸುವಾರ್ತೆಯಲ್ಲಿ ಉಂಟು, ನೋವಿಸ್ ಆಗಿದ್ದಾಗ ಇದನ್ನು ಎಷ್ಟೋ ಸರ್ತಿ ಕೇಳಿದ್ದೇವೆ ಅಂತ ಆಕಯ್ ಹೇಳಿದ್ರು. ಅದಕ್ಕೆ ಅವರು ಕೊಟ್ಟ ಉತ್ತರ ಗದ್ದೆಯವರ ಮಗಳು ಮಾತ್ರ ಕೊಡ್ಲಿಕ್ಕೆ ಸಾಧ್ಯ. ಉಳುವಾಗ ನಮ್ಮ ಅಪ್ಪ ಹಿಂದೆ ನೋಡ್ತಿರ್ಲಿಲ್ಲ, ನೋಡಿದ್ರೆ ಸಾಲು ಡೊಂಕಾಗ್ತದೆ, ಅದು ಸರಿ. ಆದ್ರೆ ಬದುವಿನ ಹತ್ತಿರ ಬಂದು ಎತ್ತು ತಿರುಗಿಸುವಾಗ ನಿಂತು ಒಮ್ಮೆ ಇಡೀ ಸಾಲು ನೋಡ್ತಿದ್ರು, ಮುಂದಿನ ಸಾಲು ಅದನ್ನು ನೋಡಿಯೇ ಹಾಕುದು. ನಾನೀಗ ಬದುವಿನ ಹತ್ತಿರ ಬಂದಿದ್ದೇನೆ ಪುತಾ. ನನ್ನದು ಒಂದು ಮಾತು ಸೇರಿಸ್ತೇನೆ, ಶಿಲುಬೆಯ ಮೇಲೆ ಸಾಯುವ ಹೊತ್ತಿನಲ್ಲಿ ಯೇಸು ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ್ದು ಯೊವಾನ್ನನ ಸುವಾರ್ತೆಯಲ್ಲಿ ಉಂಟು. ಅಂಥ ನೋವಿನಲ್ಲಿ ಅವರಿಗೇ ಮನೆಯವರ ಚಿಂತೆ ಇತ್ತು.

ಕೊಂಬೆ ಇಲ್ಲ ಅನ್ನುವವರಿಗೆ ಫ್ರಾನ್ಸಿನ ಒಂದು ಮನೆಯ ಲೆಕ್ಕ ಹೇಳ್ತೇನೆ. ಲೂಯಿ ಮಾರ್ಟಿನ್, ಝೆಲಿ ಅಂತ ಗಂಡ ಹೆಂಡತಿ, ಒಂಬತ್ತು ಮಕ್ಕಳು, ನಮ್ಮ ಅಜ್ಜಿಯ ಹಾಗೆ. ನಾಲ್ಕು ಮಕ್ಕಳು ಚಿಕ್ಕದರಲ್ಲೇ ಹೋದ್ರು. ಉಳಿದ ಐದೂ ಹೆಣ್ಣು, ಐದೂ ಜನ ಸಿಸ್ಟರ್ ಆದ್ರು. ಅದರಲ್ಲಿ ಕಿರಿಯವರೇ ನಾವು ಅಕ್ಟೋಬರ್ 1ಕ್ಕೆ ಹಬ್ಬ ಮಾಡುವ ಬಾಲಯೇಸುವಿನ ಸಂತ ತೆರೇಸಾ, ಲಿಟ್ಲ್ ಫ್ಲವರ್. 1888ರಲ್ಲಿ ಹದಿನೈದನೇ ವಯಸ್ಸಿಗೆ ಕಾರ್ಮೆಲ್ ಮಠಕ್ಕೆ ಹೋದ್ರು, ಮುಂದಿನ ವರ್ಷವೇ ಅಪ್ಪನಿಗೆ ಮನಸ್ಸಿನ ಕಾಯಿಲೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾಯ್ತು, 1894ರಲ್ಲಿ ಅಪ್ಪ ತೀರಿಹೋದಾಗ ಮಠದ ಒಳಗಿದ್ದ ಮಕ್ಕಳಿಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಆ ಮನೆಗೆ ಒಂದು ಮೊಮ್ಮಗು ಇಲ್ಲ. ವಂಶಾವಳಿ ಅಲ್ಲಿಗೆ ಮುಗಿದ ಹಾಗೆ. ಆದ್ರೆ 2015ರ ಅಕ್ಟೋಬರ್ 18ರಂದು ಆ ಅಪ್ಪ ಅಮ್ಮನನ್ನೇ ಒಟ್ಟಿಗೆ ಸಂತರು ಅಂತ ಘೋಷಿಸಿದ್ರು, ಗಂಡ ಹೆಂಡತಿ ಜೊತೆಯಾಗಿ ಸಂತರಾದದ್ದು ಅದೇ ಮೊದಲು. ಮದರ್ ತೆರೇಸಾ 1928ರಲ್ಲಿ ಹದಿನೆಂಟು ವರ್ಷಕ್ಕೆ ಮನೆ ಬಿಟ್ಟವರು ಅಮ್ಮನನ್ನು ಮತ್ತೆ ನೋಡ್ಲೇ ಇಲ್ಲ. ಅಮ್ಮ ಇದ್ದದ್ದು ಅಲ್ಬೇನಿಯಾದಲ್ಲಿ, ಅಲ್ಲಿಯ ಸರಕಾರ 1967ರಲ್ಲಿ ಧರ್ಮವನ್ನೇ ನಿಷೇಧ ಮಾಡಿತ್ತು, ಎಷ್ಟು ಪ್ರಯತ್ನ ಮಾಡಿದ್ರೂ ಅಮ್ಮನನ್ನು ಹೊರಗೆ ತರ್ಲಿಕ್ಕೆ ಆಗದೆ 1972ರಲ್ಲಿ ಅವರು ಅಲ್ಲೇ ತೀರಿಹೋದ್ರು. 2016ರಲ್ಲಿ ಮದರ್ ಸಂತರಾದ ದಿನ ಆಕಯ್ ಟೀವಿ ನೋಡ್ತಾ ಅತ್ತದ್ದು ಆ ಅಮ್ಮನನ್ನು ನೆನೆಸಿ.

ಇನ್ನೊಂದು ವಿಷಯ ಬರೆಯುದಾ ಬೇಡವಾ ಅಂತ ತುಂಬ ಯೋಚನೆ ಮಾಡಿದೆ. ನಮ್ಮ ಜಾಗ ಪಾಲಾಗುವಾಗ ರಿಜಿಸ್ಟ್ರಾರ್ ಆಫೀಸಿಗೆ ಆಕಯಿಯನ್ನು ಕರ್ಕೊಂಡು ಬಂದಿದ್ರು, ಯಾಕಂದ್ರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತರ ಮಗನಿಗೂ ಮಗಳಿಗೂ ಸಮ ಪಾಲು, ಸಿಸ್ಟರ್ ಆದ್ರೂ ಅವರು ಮಗಳೇ, ಅವರ ಸೈನ್ ಇಲ್ಲದೆ ಆಗುದಿಲ್ಲ. ಅವರು ಒಂದು ಸೆಂಟ್ಸ್ ಸಹ ಕೇಳದೆ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಸೈನ್ ಹಾಕಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದ್ರು. ಆ ಪತ್ರದಲ್ಲಿ ಅವರ ಹೆಸರು, ಅಪ್ಪ ಅಮ್ಮನ ಹೆಸರು, ಎಷ್ಟನೇ ಮಗಳು ಅನ್ನುದು ಎಲ್ಲ ಸ್ಪಷ್ಟ ಉಂಟು. ಪಾಲಿನ ಪತ್ರದಲ್ಲಿ ಇರುವ ಹೆಸರು ವಂಶಾವಳಿಯಲ್ಲಿ ಇಲ್ಲ ಅನ್ನುದು ನನಗೆ ಸಹಿಸ್ಲಿಕ್ಕೆ ಆಗುದಿಲ್ಲ.

1870ರ ನವೆಂಬರ್ 19ಕ್ಕೆ ಅಪೋಸ್ತಲಿಕ್ ಕಾರ್ಮೆಲಿನ ಮೂರು ಜನ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದ್ರು, 1887ರಲ್ಲಿ ಮಂಗಳೂರಿನಲ್ಲೇ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ ಸುರು ಆಯ್ತು, 1921ರ ಜುಲೈ 16ಕ್ಕೆ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ನಾಲ್ಕು ಹುಡುಗಿಯರ ಜೊತೆ ಬೆಥನಿ ಸಿಸ್ಟರ್‌ಗಳ ಸಂಸ್ಥೆ ಸುರು ಮಾಡಿದ್ರು, ಹಳ್ಳಿಯ ಹೆಣ್ಣುಮಕ್ಕಳಿಗೆ ವಿದ್ಯೆ ಕೊಡ್ಬೇಕು ಅಂತ. ಈ ಇತಿಹಾಸ ಜ್ಯುಬಿಲಿ ಪುಸ್ತಕಗಳಲ್ಲಿ ಸಿಕ್ತದೆ. ಸಿಗದೆ ಇರುದು ಆ ಶಾಲೆಗಳಲ್ಲಿ ಮೂವತ್ತು ನಲವತ್ತು ವರ್ಷ ನಿಂತು ಕಲಿಸಿದ ನಮ್ಮ ನಮ್ಮ ಮನೆಯ ಹೆಣ್ಣುಮಕ್ಕಳ ನೆನಪು. ಅವರು ತಾವಾಗಿ ಹೇಳುದಿಲ್ಲ, ತನ್ನ ಬಗ್ಗೆ ಮಾತಾಡಬಾರದು ಅಂತಲೇ ಅವರಿಗೆ ಕಲಿಸಿದ್ದು. ನಿಮಗೆ ದೇವಕರೆ ಹೇಗೆ ಬಂತು ಸಿಸ್ಟರ್ ಅಂತ ಕೇಳಿದ್ರೆ ಎಲ್ಲರಿಗೂ ಕೊಡುವ ಒಂದು ಉತ್ತರ ಉಂಟು, ಅದನ್ನು ಕೊಟ್ಟು ನಗ್ತಾರೆ. ಹಾಗೆ ಕೇಳುದೇ ಬೇಡ. ಅಂಗಳದಲ್ಲಿ ಯಾವ ಮರ ಇತ್ತು ಅಂತ ಕೇಳಿ, ತೇರ್ಸಿನಲ್ಲಿ ಯಾರು ತೂಕಡಿಸ್ತಿದ್ರು, ನಿಮಗೆ ಜಡೆ ಹಾಕ್ತಿದ್ದದ್ದು ಯಾರು, ಕಾನ್ವೆಂಟಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಎಂತ ಇತ್ತು. ಅಲ್ಲಿಂದ ಸುರು ಮಾಡಿದ್ರೆ ದೇವರ ವಿಷಯ ತಾನಾಗಿ ಬರ್ತದೆ. ಮಧ್ಯಾಹ್ನ ಊಟದ ಮೇಲೆ ಹೋಗ್ಬೇಡಿ, ವಯಸ್ಸಾದವರು ಮಲಗುವ ಹೊತ್ತು. ಬೆಳಿಗ್ಗೆ ಹತ್ತಕ್ಕೆ ಹೋಗಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡುದಾದ್ರೆ ಕೇಳಿಯೇ ಮಾಡಿ, ಹಳೆ ಫೋಟೊ ಇದ್ರೆ ತಗೊಂಡು ಹೋಗಿ. ಒಂದೇ ದಿನ ಎಲ್ಲ ಹೇಳ್ಬೇಕು ಅಂತ ಕೂರ್ಬೇಡಿ.

ಸಂಪಾದಕರಲ್ಲಿ ನನ್ನ ಕೇಳಿಕೆ, ಫೆಬ್ರವರಿ 2 ಸಮರ್ಪಿತ ಜೀವನದ ದಿನ ಅಂತ 1997ರಿಂದ ಇಗರ್ಜಿಗಳಲ್ಲಿ ಆಚರಿಸ್ತಾರೆ, ಆ ವಾರದ ಭಾನುವಾರದ ಪುಟದಲ್ಲಿ ಗಡಿನಾಡಿನ ಈ ಹಿರಿಯ ಸಿಸ್ಟರ್‌ಗಳ ನೆನಪಿಗೆ ಸ್ವಲ್ಪ ಜಾಗ ಕೊಡಿ. ಅವರು ತೀರಿಹೋದ ಮೇಲೆ ಹಾಕುವ ನಾಲ್ಕು ಸಾಲಿನ ಸುದ್ದಿಗಿಂತ ಮೊದಲು. ಅವರ ಹತ್ತಿರ ಕಲಿತವರು ಹಿಂದುಗಳು ಮುಸ್ಲಿಮರು ಎಷ್ಟು ಜನ ನಿಮ್ಮ ಓದುಗರಲ್ಲಿ ಇದ್ದಾರೆ, ಅವರು ಸಹ ಬರೆಯಲಿ. ಮತ್ತೆ ವಂಶಾವಳಿ ಮಾಡ್ತಾ ಇರುವ ಎಲ್ಲ ಕುಟುಂಬದವರಲ್ಲಿ, ಕೊಂಬೆ ಇಲ್ಲದಿದ್ರೂ ಹೆಸರು ಹಾಕಿ, ಅವರ ಅಪ್ಪ ಅಮ್ಮನ ಕೆಳಗೆ, ಉಳಿದ ಮಕ್ಕಳ ಸಾಲಿನಲ್ಲಿ. ಸತ್ತ ಶಿಶುಗಳದ್ದೂ ಹಾಕಿ. ಮತ್ತಾಯನ ಸುವಾರ್ತೆ ಸುರು ಆಗುದೇ ಒಂದು ವಂಶಾವಳಿಯಿಂದ, ಅದರಲ್ಲಿ ತಾಮಾರಳೂ ರಾಹಾಬಳೂ ರೂತಳೂ ಹೆಸರು ಹಿಡಿದು ಇದ್ದಾರೆ.

ನಮ್ಮ ಹುಡುಗರು ನನ್ನ ಮಾತಿಗೆ ಬೇಜಾರು ಮಾಡ್ಕೊಳ್ಳಲಿಲ್ಲ, ಚಾರ್ಟ್ ತಿದ್ದಿ ಮತ್ತೆ ಪ್ರಿಂಟ್ ಮಾಡ್ಲಿಕ್ಕೆ ಒಪ್ಪಿದ್ದಾರೆ. ಹನ್ನೊಂದು ತಪ್ಪು ಸರಿಯಾಯ್ತು, ಮೂವರು ಸಿಸ್ಟರ್‌ಗಳ ಹೆಸರು ಅವರವರ ಅಮ್ಮಂದಿರ ಕೆಳಗೆ ಬಂತು. ಅಜ್ಜಿಯ ಒಂಬತ್ತರಲ್ಲಿ ಎಂಟು ಹೆಸರು ಆಗಿದೆ. ಮೊದಲು ಹೋದ ಶಿಶುವಿಗೆ ಅಜ್ಜಿಯ ಅಮ್ಮ ಮನೆಯಲ್ಲೇ ನೀರು ಹಾಕಿ ಜ್ಞಾನಸ್ನಾನ ಕೊಟ್ಟು ಹೆಸರಿಟ್ಟದ್ದು ಆಕಯಿಗೆ ನೆನಪಿತ್ತು. ಇನ್ನೊಂದು ಮಗು ಹುಟ್ಟಿದ್ದು 1958ರಲ್ಲಿ, ಆಕಯ್ ಮನೆ ಬಿಟ್ಟ ಮರು ವರ್ಷ. ಅಜ್ಜನ ಪತ್ರದಲ್ಲಿ ಮಗು ಬಂತು, ದೇವರು ಕರ್ಕೊಂಡ್ರು ಅಂತ ಇಷ್ಟೇ ಇತ್ತು, ಹೆಸರು ಬರೆದಿರ್ಲಿಲ್ಲ, ಗಂಡಾ ಹೆಣ್ಣಾ ಅಂತ ಸಹ ಬರೆದಿರ್ಲಿಲ್ಲ, ತಿರುಗಿ ಕೇಳಿ ಬರೀಲಿಕ್ಕೆ ಇವರಿಗೆ ಧೈರ್ಯ ಬರ್ಲಿಲ್ಲ, ಆಮೇಲೆ ಮನೆಗೆ ಬಂದಾಗ ಅಮ್ಮನ ಮುಖ ನೋಡಿ ಕೇಳ್ಲಿಕ್ಕೆ ಆಗ್ಲಿಲ್ಲ. ಅಂದಿನಿಂದ ಇವತ್ತಿನ ತನಕ ಪ್ರತಿ ರಾತ್ರಿ ಆ ಸಾಲಿಗೆ ಬಂದಾಗ ಅವರು "ನಾನು ಹೋದ ಮೇಲೆ ಬಂದ ಮಗು" ಅಂತ ಹೇಳುದು.

ನಮ್ಮ ವಿಗಾರ್ ಫಾದರ್ ಹತ್ತಿರ ಹೇಳಿದ್ದೇನೆ. ಬರುವ ಆದಿತ್ಯವಾರ ಎರಡನೇ ಪೂಜೆ ಆದ ಮೇಲೆ 1958ರ ರಿಜಿಸ್ಟರ್ ತೆಗೆದು ನೋಡುವ ಅಂತ ಹೇಳಿದ್ದಾರೆ. ಹೆಸರು ಸಿಕ್ಕಿದ್ರೆ ಅವತ್ತೇ ಆಕಯಿಗೆ ಫೋನ್ ಮಾಡ್ಬೇಕು, ಆ ಮನೆಯಲ್ಲಿ ರಾತ್ರಿ ಏಳೂವರೆ ನಂತರವೇ ಫೋನ್ ಅವರ ರೂಮಿಗೆ ತಂದು ಕೊಡುದು, ಎಂಟೂವರೆಗೆ ಲೈಟ್ ಆಫ್.

ಇಂತಿ,
ಬೇಳ ಸಮೀಪದ ಓದುಗರೊಬ್ಬರು, ಕಾಸರಗೋಡು ಜಿಲ್ಲೆ